ಬೀಗ ಸಡಿಲ ಎಂದವನಿಗೆ ಬಹುಮಾನವೋ, ಕೇಸೋ?

2016ರ ಫೆಬ್ರವರಿ. ಬೆಂಗಳೂರಿನ ಫ್ಲಿಪ್‌ಕಾರ್ಟ್‌ನಲ್ಲಿ ಕೆಲಸಕ್ಕಿದ್ದ ಆನಂದ್ ಪ್ರಕಾಶ್ ಫೇಸ್‌ಬುಕ್‌ನ ದೋಷವೊಂದನ್ನು ಹಿಡಿದರು. ಪಾಸ್‌ವರ್ಡ್ ಮರೆತವರಿಗೆ ಬರುವ ಆರಂಕಿ ಕೋಡನ್ನು ಹತ್ತು-ಹನ್ನೆರಡು ಸಲ ತಪ್ಪು ಹಾಕಿದರೆ ಮುಖ್ಯ ತಾಣ ತಡೆಯುತ್ತಿತ್ತು. ಬೀಟಾ ತಾಣದಲ್ಲಿ ಆ ತಡೆಯೇ ಇರಲಿಲ್ಲ. ಪ್ರೋಗ್ರಾಂ ಬಿಟ್ಟು ಒಂದೊಂದೇ ಸಂಖ್ಯೆ ಹಾಕಿಸುತ್ತಾ ಹೋದರೆ ಯಾರ ಖಾತೆಯೂ ತೆರೆಯುತ್ತಿತ್ತು. ತಮ್ಮದೇ ಖಾತೆಯಲ್ಲಿ ಪರೀಕ್ಷಿಸಿ ಕಂಪನಿಗೆ ತಿಳಿಸಿದರು. ಮರುದಿನವೇ ರಿಪೇರಿಯಾಯಿತು, 15,000 ಡಾಲರ್ ಬಂತು. ಮುಂದೆ ಸ್ವಂತ ಕಂಪನಿ ಕಟ್ಟಿದರು. ಹುಟ್ಟೂರು ಭಾದ್ರಾ (ನಮ್ಮ ಭದ್ರೆಯಲ್ಲ, ರಾಜಸ್ಥಾನದ ಸಣ್ಣ ಪಟ್ಟಣ).

ಎಮ್ಮೆದೊಡ್ಡಿಯ ಹುಡುಗನೊಬ್ಬನಿಗೆ ಇಂಥದ್ದೇ ದೋಷ ಸರ್ಕಾರಿ ತಾಣದಲ್ಲಿ ಕಂಡರೆ? ಹೇಳಲು ಹೆದರುತ್ತಾನೆ. ಐಟಿ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲಿದೆ. ದುರುದ್ದೇಶವಿರಲಿಲ್ಲ ಎಂದು ಅವನು ಠಾಣೆಯಲ್ಲಿ ಕೂತು ವಿವರಿಸಬೇಕು. ಸದುದ್ದೇಶದಿಂದ ದೋಷ ತೋರಿಸಿದವನಿಗೆ ರಕ್ಷಣೆ ಎಂದು ಕಾಯ್ದೆಯಲ್ಲೇ ಬರೆಯಲಿ. ಆ ತಾಣಗಳಲ್ಲಿರುವುದು ನಮ್ಮ ಪಹಣಿ, ನಮ್ಮಜ್ಜಿಯರ ಪಿಂಚಣಿ.