ಶಬ್ದ ವಿಚಾರ: ಭಯಕ್ಕೆ ‘ಆಫ್’, ಕೋಪಕ್ಕೆ ‘ವಿತ್’

ನಂದಿಗುಡಿಯಂತಹ ಗ್ರಾಮಗಳಿಂದ ಹರಿಹರಕ್ಕೂ ದಾವಣಗೆರೆಗೂ ಓದಲು ಹೋಗುವ ನಮ್ಮ ಮಕ್ಕಳು ಆಂಗ್ಲ ಭಾಷೆಯಲ್ಲಿ ಎಡವುವ ಜಾಗವೊಂದನ್ನು ನಾವು ಬಹುಕಾಲದಿಂದ ಗಮನಿಸುತ್ತ ಬಂದಿದ್ದೇವೆ. ಉದ್ದುದ್ದ ಶಬ್ದಗಳನ್ನು ಅವರು ಕಂಠಪಾಠ ಮಾಡಿ ಗೆಲ್ಲುತ್ತಾರೆ. ಕ್ರಿಯಾಪದದ ಕಾಲಗಳೂ ಹೇಗೋ ಕೈವಶವಾಗುತ್ತವೆ. ಆದರೆ ‘ಆಫ್’, ‘ಅಟ್’, ‘ವಿತ್’, ‘ಟು’ ಎಂಬ ಸಣ್ಣ ತುಣುಕುಗಳ ಎದುರಿಗೆ, ವಿಶೇಷವಾಗಿ ಅವು ಗುಣವಾಚಕದ ಬೆನ್ನಿಗೆ ಬಂದಾಗ, ಜಾಣ ವಿದ್ಯಾರ್ಥಿಯೂ ತಡವರಿಸುತ್ತಾನೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲಿ ಅಂಕ ಹೋಗುವುದು ಚಿಕ್ಕ ನಷ್ಟ. ‘ನನಗೆ ಇಂಗ್ಲಿಷ್ ಹತ್ತುವುದಿಲ್ಲ’ ಎಂದು ಹುಡುಗ ತೀರ್ಮಾನಿಸಿಕೊಂಡು ಓದನ್ನೇ ಕೈಬಿಡುವುದು ದೊಡ್ಡ ನಷ್ಟ. ಅಂತಹ ಮಕ್ಕಳನ್ನು ನಾವು ಕಂಡಿದ್ದೇವೆ. ಆದಕಾರಣವೇ ಈ ತಿಂಗಳು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಮೊದಲು ಹೆಸರಿನ ಮಾತು. ಶಾಲಾ ಪುಸ್ತಕಗಳು ಪ್ರಿಪೊಸಿಷನ್ ಎಂಬುದಕ್ಕೆ ‘ಉಪಸರ್ಗ’ ಎಂದು ಬರೆಯುವುದುಂಟು. ಸಂಸ್ಕೃತದ ಪ್ರ, ಪರಾ, ಅಪ ಮೊದಲಾದ ಉಪಸರ್ಗಗಳು ಧಾತುವಿಗೆ ಅಂಟಿಕೊಳ್ಳುವಂಥವು. ಆಂಗ್ಲರ ತುಣುಕುಗಳ ಕೆಲಸವೇ ಬೇರೆ. ಅವು ಮಾಡುವುದು ನಮ್ಮಲ್ಲಿ ವಿಭಕ್ತಿ ಪ್ರತ್ಯಯಗಳು ಮಾಡುವ ಕೆಲಸವನ್ನು. ಆದ್ದರಿಂದ ನಾವು ಪ್ರಿಪೊಸಿಷನ್ ಎಂಬ ಶಬ್ದವನ್ನೇ ಇಟ್ಟುಕೊಳ್ಳುತ್ತೇವೆ.

ಇನ್ನು ವಿಷಯಕ್ಕೆ ಬರೋಣ. ಸದ್ಭಕ್ತರು ನಿತ್ಯವೂ ಜಪಿಸುವ ಪಂಚಾಕ್ಷರಿಯನ್ನೇ ನೋಡಿರಿ. ‘ನಮಃ ಶಿವಾಯ’ ಎಂಬಲ್ಲಿ ಶಿವ ಶಬ್ದಕ್ಕೆ ಚತುರ್ಥೀ ವಿಭಕ್ತಿ ಬಂದಿದೆ. ಏಕೆ? ‘ನಮಃ’ ಎಂಬ ಪದವು ತನ್ನ ಜೊತೆಗಾರನಿಂದ ಚತುರ್ಥಿಯನ್ನೇ ಬೇಡುತ್ತದೆ. ಪಾಣಿನಿ ಹಾಗೆಂದು ಸೂತ್ರ ಮಾಡಿದ್ದಾನೆ. ಅದೇ ಅರ್ಥದ ‘ನಮಸ್ಕರೋತಿ’ ಎಂಬ ಕ್ರಿಯಾಪದ ಬಂದರೆ ‘ಶಿವಂ’ ಎಂದು ದ್ವಿತೀಯೆಯಾಗುತ್ತದೆ. ಅರ್ಥ ಬದಲಾಗಲಿಲ್ಲ, ಶಿವನೂ ಬದಲಾಗಲಿಲ್ಲ. ಪಕ್ಕದ ಪದ ಬದಲಾದುದರಿಂದ ವಿಭಕ್ತಿ ಬದಲಾಯಿತು. ಹೀಗೆ ಪಕ್ಕದ ಪದದ ಬೇಡಿಕೆಯಿಂದ ಬರುವ ವಿಭಕ್ತಿಗೆ ಶಾಸ್ತ್ರದಲ್ಲಿ ಉಪಪದ ವಿಭಕ್ತಿ ಎಂದು ಹೆಸರು. ಆಂಗ್ಲ ಭಾಷೆಯ ಗುಣವಾಚಕಗಳ ನಡತೆಯೂ ಇದೇ ಬಗೆಯದು. ಒಂದೊಂದು ಗುಣವಾಚಕವು ತನಗೆ ಬೇಕಾದ ಪ್ರಿಪೊಸಿಷನ್ ಯಾವುದೆಂದು ತಾನೇ ಹೇಳುತ್ತದೆ. ಅದು ಕೇಳಿದ್ದನ್ನು ಕೊಡಬೇಕು. ನಮ್ಮ ತರ್ಕ ಅಲ್ಲಿ ನಡೆಯದು.

ಹಾವಿನ ಉದಾಹರಣೆ ತೆಗೆದುಕೊಳ್ಳೋಣ. ಕನ್ನಡಿಗನು ಹಾವಿಗೆ ಹೆದರುತ್ತಾನೆ, ಅದು ಚತುರ್ಥಿ. ಸಂಸ್ಕೃತದವನು ಹಾವಿನ ದೆಸೆಯಿಂದ ಹೆದರುತ್ತಾನೆ. ಭಯಕ್ಕೆ ಕಾರಣವಾದುದು ಅಪಾದಾನವೆಂದು ಪಾಣಿನಿಯ ಮತ, ಅಲ್ಲಿ ಪಂಚಮಿ. ಆಂಗ್ಲನು ‘ಅಫ್ರೇಡ್ ಆಫ್’ ಎನ್ನುತ್ತಾನೆ. ನಮ್ಮ ಕಿವಿಗೆ ಅದು ಷಷ್ಠಿಯಂತೆ ಕೇಳುತ್ತದೆ. ಹಾವು ಒಂದೇ, ಎದೆಯ ನಡುಕವೂ ಒಂದೇ. ಕೋಪದ ಕಥೆಯೂ ಹಾಗೆಯೇ. ನಮಗೆ ಒಬ್ಬರ ‘ಮೇಲೆ’ ಸಿಟ್ಟು ಬರುತ್ತದೆ. ಸಂಸ್ಕೃತದಲ್ಲಿ ಯಾರನ್ನು ಕುರಿತು ಕೋಪವೋ ಅವರಿಗೆ ಚತುರ್ಥಿ. ಆಂಗ್ಲರಲ್ಲಿ ಮನುಷ್ಯನಾದರೆ ‘ಆ್ಯಂಗ್ರಿ ವಿತ್’, ಸಂಗತಿಯಾದರೆ ‘ಅಬೌಟ್’ ಅಥವಾ ‘ಅಟ್’. ನಮ್ಮ ಹುಡುಗ ‘ಆ್ಯಂಗ್ರಿ ಆನ್ ಮಿ’ ಎಂದು ಬರೆದರೆ ಅದು ದಡ್ಡತನವಲ್ಲ. ತಾಯ್ನುಡಿಯ ‘ಮೇಲೆ’ಯನ್ನು ಅವನು ಪ್ರಾಮಾಣಿಕವಾಗಿ ಅತ್ತ ಸಾಗಿಸಿದ್ದಾನೆ, ಅಷ್ಟೆ.

ಇದರ ಹಿಂದೆ ಇನ್ನೊಂದು ಕಾರಣವಿದೆ. ಆಂಗ್ಲರು ಗುಣವಾಚಕದಿಂದ ಹೇಳುವ ಎಷ್ಟೋ ಭಾವಗಳನ್ನು ಕನ್ನಡವು ನಾಮಪದದಿಂದ ಹೇಳುತ್ತದೆ. ಭಯ, ಹೆಮ್ಮೆ, ಸಿಟ್ಟು, ನಾಚಿಕೆ ಇವೆಲ್ಲವೂ ನಮ್ಮಲ್ಲಿ ನಾಮಪದಗಳು. ಅವು ‘ನನಗೆ’ ಬರುತ್ತವೆ, ಆಗುತ್ತವೆ, ಇರುತ್ತವೆ. ಆಂಗ್ಲನಿಗೆ ಹೆಮ್ಮೆ ಬರುವುದಿಲ್ಲ, ಅವನೇ ‘ಪ್ರೌಡ್’ ಆಗಿರುತ್ತಾನೆ. ಹೀಗಾಗಿ ಮಗನ ‘ಬಗ್ಗೆ’ ಹೆಮ್ಮೆಯುಳ್ಳ ತಂದೆಯು ‘ಪ್ರೌಡ್ ಅಬೌಟ್’ ಎನ್ನಲು ಹೋಗುತ್ತಾನೆ. ಆ ಪದ ಬೇಡುವುದಾದರೋ ‘ಆಫ್’. ವಾಕ್ಯದ ಕಟ್ಟಡವನ್ನೇ ತಿರುಗಿಸಿ ನಿಲ್ಲಿಸಬೇಕಾದಲ್ಲಿ ಒಂದು ತುಣುಕನ್ನು ಮಾತ್ರ ಬದಲಿಸಿದರೆ ಸಾಲದು.

ನಮ್ಮ ಕಡೆ ಹೆಚ್ಚಾಗಿ ಕಿವಿಗೆ ಬೀಳುವ ಕೆಲವನ್ನು ಹೇಳುತ್ತೇವೆ. ‘ಶಾಲೆಗೆ ಗೈರುಹಾಜರಿ’ ಎಂಬುದರಿಂದ ‘ಆ್ಯಬ್ಸೆಂಟ್ ಟು ಸ್ಕೂಲ್’ ಹುಟ್ಟುತ್ತದೆ, ಆಗಬೇಕಾದುದು ‘ಫ್ರಮ್’. ‘ನೀರಿನಿಂದ ತುಂಬಿದ ಕೊಡ’ ಎಂಬಲ್ಲಿಯ ‘ಇಂದ’ ನೋಡಿ ‘ಫುಲ್ ಫ್ರಮ್ ವಾಟರ್’ ಎನ್ನುತ್ತಾರೆ. ‘ಫುಲ್’ ಬೇಡುವುದು ‘ಆಫ್’. ಲೆಕ್ಕ‘ದಲ್ಲಿ’ ಚುರುಕಾದವನು ‘ಗುಡ್ ಅಟ್’ ಆಗುತ್ತಾನೆ. ಕಚೇರಿಗಳಲ್ಲಂತೂ ‘ಸೀನಿಯರ್ ದ್ಯಾನ್ ಮಿ’ ಎಂಬುದು ಸರ್ವತ್ರ. ನಮ್ಮ ‘ಗಿಂತ’ಕ್ಕೆ ‘ದ್ಯಾನ್’ ಸರಿಯಾದ ಜೋಡಿಯೆಂಬುದೇನೋ ನಿಜ. ಆದರೆ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಇವು ಲ್ಯಾಟಿನ್ ಭಾಷೆಯಿಂದ ಬಂದ ತಾರತಮ್ಯವಾಚಕಗಳು. ಇವುಗಳಿಗೆ ‘ಟು’ ಬೇಕು. ಬಂದ ಮನೆಯ ಸಂಪ್ರದಾಯವನ್ನು ಸೊಸೆ ಬಿಡಲಿಲ್ಲವೆನ್ನೋಣ.

ಲಗ್ನಪತ್ರಿಕೆಯ ಪ್ರಶ್ನೆಯೂ ಆಗಾಗ ನಮ್ಮಲ್ಲಿಗೆ ಬರುತ್ತದೆ. ವಧುವಿನ ಹೆಸರಿಗೂ ವರನ ಹೆಸರಿಗೂ ನಡುವೆ ‘ವಿತ್’ ಎಂದು ಅಚ್ಚು ಹಾಕಿಸುವುದು ತಪ್ಪೇ ಎಂದು ಕೇಳುತ್ತಾರೆ. ತಪ್ಪಲ್ಲ, ಅಲ್ಲಿ ‘ಮ್ಯಾರೇಜ್’ ಎಂಬ ನಾಮಪದವಿದೆ, ಅದು ‘ವಿತ್’ ಅನ್ನು ಸಹಿಸುತ್ತದೆ. ‘ಮ್ಯಾರೀಡ್’ ಎಂಬ ಗುಣವಾಚಕ ಬಂದರೆ ಮಾತ್ರ ‘ಟು’ ಎಂದೇ ಬರೆಯಿರಿ.

ಒಂದೇ ಗುಣವಾಚಕವು ಎರಡು ಮೂರು ಪ್ರಿಪೊಸಿಷನ್‌ಗಳನ್ನು ಕಟ್ಟಿಕೊಂಡಾಗ ಅರ್ಥವೇ ಬೇರೆಯಾಗುತ್ತದೆ. ‘ಗುಡ್ ಅಟ್’ ಎಂದರೆ ನಿಪುಣ. ‘ಗುಡ್ ಫಾರ್’ ಎಂದರೆ ಹಿತಕರ. ‘ಗುಡ್ ಟು’ ಎಂದರೆ ಒಬ್ಬರ ವಿಷಯದಲ್ಲಿ ದಯೆಯುಳ್ಳವನು. ‘ಟಯರ್ಡ್ ಫ್ರಮ್’ ಎಂದರೆ ದುಡಿದು ದಣಿದವನು, ‘ಟಯರ್ಡ್ ಆಫ್’ ಎಂದರೆ ಬೇಸತ್ತವನು. ಗದ್ದೆಯ ಕೆಲಸದಿಂದ ದಣಿದ ರೈತನು ‘ಆಫ್’ ಹಾಕಿದರೆ ಬೇಸಾಯವನ್ನೇ ಬಿಡಲು ಹೊರಟಿದ್ದಾನೆಂದು ಕೇಳಿದವರು ತಿಳಿದಾರು! ಆಂಗ್ಲರಲ್ಲಿಯೂ ಒಮ್ಮತವಿಲ್ಲದ ಕಡೆಗಳಿವೆ. ‘ಡಿಫರೆಂಟ್’ ಪದಕ್ಕೆ ‘ಫ್ರಮ್’ ಎಲ್ಲೆಡೆ ಸಲ್ಲುತ್ತದೆ. ಬ್ರಿಟನ್ನಿನಲ್ಲಿ ‘ಟು’, ಅಮೆರಿಕದಲ್ಲಿ ‘ದ್ಯಾನ್’ ಕೂಡ ಬಳಕೆಯಲ್ಲಿವೆ. ನಮ್ಮವರು ‘ಫ್ರಮ್’ ಹಿಡಿದರೆ ಕ್ಷೇಮ.

ಕಲಿಯುವ ಬಗೆ ಯಾವುದು? ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದಲ್ಲಿ ಪ್ರಿಪೊಸಿಷನ್ನಿಗೊಂದರಂತೆ ಗುಣವಾಚಕಗಳ ಪಟ್ಟಿಯಿದೆ, ಅಕಾರಾದಿಯಾಗಿ. ಪರಾಮರ್ಶೆಗೆ ಅದು ಒಳ್ಳೆಯದು, ಉರುಹೊಡೆಯಲು ಅಲ್ಲ. ಪಟ್ಟಿಯನ್ನು ಒಪ್ಪಿಸಿದ ಮಗು ಪತ್ರ ಬರೆಯುವಾಗ ಮತ್ತೆ ‘ಆನ್ ಮಿ’ ಎಂದೇ ಬರೆಯುವುದನ್ನು ನೋಡಿದ್ದೇವೆ. ಹರಿಹರೇಶ್ವರನ ಮೂರ್ತಿಯಲ್ಲಿ ಎರಡು ದೈವಗಳಿಗೆ ಒಂದೇ ಶರೀರ. ಅದರಂತೆ ‘ಅಫ್ರೇಡ್ ಆಫ್’ ಎಂಬುದನ್ನು ಮೊದಲ ದಿನದಿಂದಲೇ ಒಂದೇ ಶಬ್ದವೆಂಬಂತೆ, ಒಂದು ಪೂರ್ಣ ವಾಕ್ಯದೊಳಗೆ ಇಟ್ಟು ಕಲಿಸಬೇಕು. 2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ವಿಷಯ ಬಂದಿರುವುದರಿಂದ ಈ ಅಭ್ಯಾಸಕ್ಕೆ ಕಾಲಾವಕಾಶವೂ ಇದೆ.

ಮನೆಯಲ್ಲಿ ಒಂದು ನಿಘಂಟು ಇರಲಿ. ಇಂಗ್ಲಿಷ್ ತಾಯ್ನುಡಿಯಲ್ಲದವರಿಗಾಗಿ ಹಾರ್ನ್‌ಬಿ ಮತ್ತು ಸಂಗಡಿಗರು ರಚಿಸಿದ ನಿಘಂಟು ಮೊದಲು ಅಚ್ಚಾದುದು ಲಂಡನ್ನಿನಲ್ಲಲ್ಲ, 1942ರಲ್ಲಿ ಜಪಾನಿನ ಟೋಕಿಯೋದಲ್ಲಿ. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಅದನ್ನು ಹೊರತಂದಿತು. ಜಪಾನೀ ವಿದ್ಯಾರ್ಥಿಗಳ ಕಷ್ಟವನ್ನು ಕಂಡವರು ಮಾಡಿದ ಪುಸ್ತಕವಾದ್ದರಿಂದ ಅದು ನಮ್ಮ ಕಷ್ಟಕ್ಕೂ ಒದಗುತ್ತದೆ. ಅದರ ಈಗಿನ ಆವೃತ್ತಿಗಳಲ್ಲಿ ಗುಣವಾಚಕದೊಡನೆಯೇ ಅದರ ಪ್ರಿಪೊಸಿಷನ್ ದಪ್ಪ ಅಕ್ಷರದಲ್ಲಿರುತ್ತದೆ. ಶಬ್ದದ ಅರ್ಥ ಹುಡುಕಲು ಪುಟ ತೆರೆದ ಮಗುವಿಗೆ ತಾಯಂದಿರು ಆ ದಪ್ಪ ಅಕ್ಷರವನ್ನೂ ಗಟ್ಟಿಯಾಗಿ ಓದಲು ಹೇಳಲಿ. ಕ್ರಿಯಾಪದಗಳ ಬೆನ್ನಿಗೆ ಬರುವ ಪ್ರಿಪೊಸಿಷನ್‌ಗಳ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.