ಜ್ವರ ಬಿಟ್ಟಿತು, ಕಾಲು ಸೋತಿತು!

2006ರ ಚಿಕೂನ್‌ಗುನ್ಯ ಹಾವಳಿಯನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆ ಮರೆತಿರಲಾರದು. ಇಂಥ ಜ್ವರ ಬಿಟ್ಟ ವಾರ, ಹದಿನೈದು ದಿನಕ್ಕೆ ಅಪರೂಪಕ್ಕೊಬ್ಬರಿಗೆ ಪಾದ ಜೋಮು ಹಿಡಿದು, ಕಾಲು ಸೋತು, ಆ ಸೋಲು ಮೇಲಕ್ಕೇರಿ ಉಸಿರಿಗೇ ಕುತ್ತು ತರುತ್ತದೆ. ಇದೇ ಗಿಲನ್-ಬಾರೆ ನರರೋಗ.

“ವಾಯು ಕಣಪ್ಪಾ, ಎಣ್ಣೆ ತಿಕ್ಕು” ಎಂದು ಕೂತರೆ ಕೆಟ್ಟಿತು! ಚಿಕಿತ್ಸೆ ಎರಡು ವಾರದೊಳಗೆ ಶುರುವಾದರೇ ಹೆಚ್ಚು ಫಲ. ಮಂಡಿಗೆ ರಬ್ಬರ್ ಸುತ್ತಿಗೆ ತಟ್ಟಿದಾಗ ಕಾಲು ಎಗರದಿದ್ದರೆ ಅದೇ ದೊಡ್ಡ ಸುಳಿವು. ಇದಕ್ಕೆ ಲಕ್ಷಾಂತರ ರೂಪಾಯಿ ಯಂತ್ರ ಬೇಡ. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಮನಸ್ಸು ಮಾಡಿದರೆ ಸಾಕು. ಮುಂದಿನ ಬೆನ್ನುನೀರು, ನರಗಳ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಕರಟದಲ್ಲಿ ನಿಂತ ನೀರು ಚೆಲ್ಲಿ ಸೊಳ್ಳೆ ತಡೆಯುವುದು ತೋಟದವರ ಹೊಣೆ. ಜ್ವರದ ಚೀಟಿ ಮೇಲೆ “ಕಾಲು ಸೋತರೆ ಅಂದೇ ಬನ್ನಿ” ಎಂದು ಬರೆಸುವುದು ಆರೋಗ್ಯ ಇಲಾಖೆಯ ಹೊಣೆ. ಒಂದು ಸಾಲು ಬರೆಯೋಕೂ ಸರ್ಕಾರದ ಆದೇಶ ಬೇಕೇ?