ಆಯಿಯ ಚೌಕಡಿ ಸೀರೆ, ನಮ್ಮ ಕ್ಯಾಮೆರಾ

ಕಳೆದ ರಜೆಯಲ್ಲಿ ಯಾದಗಿರಿ, ಶಹಾಪುರ, ಸುರಪುರದ ನಾವು ನಾಲ್ಕು ಮಂದಿ ಒಂದು ಹಳೇ ಡಿಎಸ್‌ಎಲ್‌ಆರ್ ಹಿಡಕೊಂಡು ಊರಿಗೆ ಹೋದ್ವಿ. ಬೀಸುವ ಪದ ಹಾಡೋ ಹಿರಿಯರನ್ನ ವಿಡಿಯೊ ಮಾಡಿ ಇಡಬೇಕು ಅನ್ನೋದು ಆಸೆ. ಮೊದಲ ದಿನ ಶಹಾಪುರದಲ್ಲಿ ಬುದ್ಧ ಮಲಗಿದ ಬೆಟ್ಟದ ಎದುರು ಕ್ಯಾಮೆರಾ ಪರೀಕ್ಷೆ ಮಾಡಿದ್ವಿ. ಬಂಡೆ, ಆಕಾಶ ಎಲ್ಲಾ ಚಂದ ಬಂತು. ಮರುದಿನ ಸುರಪುರದಲ್ಲಿ ಒಬ್ಬ ಆಯಿ ಒಂದರ ಹಿಂದೊಂದು ಪದ ಹಾಡಿದರು. ಉಟ್ಟಿದ್ದು ಸಣ್ಣ ಚೌಕಡಿಯ ಇಳಕಲ್ ಸೀರೆ. ರಾತ್ರಿ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ, ಆಯಿ ಉಸಿರಾಡಿದಾಗೆಲ್ಲ ಸೀರೆ ಮೇಲೆ ಹಸಿರು, ಗುಲಾಬಿ ಅಲೆಗಳು ಹರಿದಾಡ್ತಿವೆ. ಮುಖದ ಕಡೆ ಕಣ್ಣೇ ಹೋಗೋದಿಲ್ಲ.

ಕ್ಯಾಮೆರಾ ಕೆಟ್ಟಿರಲಿಲ್ಲ. ಹಾಸ್ಟೆಲಿನಲ್ಲಿ ಸೊಳ್ಳೆಪರದೆಯ ಎರಡು ಪದರ ಒಂದರ ಮೇಲೊಂದು ಬಿದ್ದಾಗ ಅಲೆಅಲೆಯಾಗಿ ಪಟ್ಟೆ ಕಾಣ್ತವಲ್ಲ, ಅದೇ ಇದು. ಒಂದು ಪರದೆ ಸೀರೆಯ ಚೌಕಡಿ, ಇನ್ನೊಂದು ಸೆನ್ಸಾರಿನ ಪಿಕ್ಸೆಲ್ ಸಾಲು. ಸಿಗ್ನಲ್ಸ್ ಪರೀಕ್ಷೆಗೆ ನಾವೆಲ್ಲ ಉರು ಹೊಡೆದ ನೈಕ್ವಿಸ್ಟ್ ಮಿತಿ ಸೀರೆ ಉಟ್ಟು ಎದುರು ಕೂತಿತ್ತು, ಗುರುತು ಸಿಗಲಿಲ್ಲ ಅಷ್ಟೆ.

ಇದನ್ನು ತಡೆಯಲಿಕ್ಕೇ ಸೆನ್ಸಾರಿನ ಮುಂದೆ ಆಪ್ಟಿಕಲ್ ಆ್ಯಂಟಿ-ಅಲಿಯಾಸಿಂಗ್ ಫಿಲ್ಟರ್ ಇರೋದು. ತೆಳು ಹರಳಿನ ಒಂದು ಪದರ ಬೆಳಕಿನ ಕಿರಣವನ್ನು ಎರಡಾಗಿ ಸೀಳುತ್ತದೆ, ಇನ್ನೊಂದು ಪದರ ನಾಲ್ಕಾಗಿಸಿ ಪಕ್ಕದ ಪಿಕ್ಸೆಲ್‌ಗಳಿಗೆ ಹಂಚುತ್ತದೆ. ಆದರೆ ಸ್ಟಿಲ್ ಕ್ಯಾಮೆರಾದಲ್ಲಿ ಅದರ ಅಳತೆ ಫೋಟೊದ ಲೆಕ್ಕಕ್ಕೆ. 2008ರ ಕ್ಯಾನನ್ 5ಡಿ ಮಾರ್ಕ್ 2 ತಗೊಳ್ರಿ: ಫೋಟೊಗೆ ಅಗಲ 5616 ಪಿಕ್ಸೆಲ್, ವಿಡಿಯೊಗೆ 1920. ಎಲ್ಲವನ್ನೂ ಓದಲು ಪುರುಸೊತ್ತಿಲ್ಲದೆ ಅದು ನಡುವಿನ ಸಾಲುಗಳನ್ನು ಬಿಟ್ಟು ಓದುತ್ತದೆ. ಜರಡಿಯ ಕಣ್ಣು ಹೆಚ್ಚುಕಡಿಮೆ ಮೂರು ಪಟ್ಟು ದೊಡ್ಡದಾಯ್ತು, ಫಿಲ್ಟರ್ ಹಳೇ ಅಳತೆಯದ್ದೇ ಉಳೀತು.

ಮೊಸಾಯಿಕ್ ಎಂಜಿನಿಯರಿಂಗ್ ಅನ್ನೋ ಕಂಪನಿ ಆ ಕ್ಯಾಮೆರಾದ ಕನ್ನಡಿ ಗೂಡಿನೊಳಗೆ ಕೂರಿಸುವ, ವಿಡಿಯೊಗೆಂದೇ ಅಳೆದ ಫಿಲ್ಟರ್ ಮಾಡಿತ್ತು. ಹಾಕಿದರೆ ಕನ್ನಡಿ ಮೇಲೆತ್ತಿಯೇ ಇರಬೇಕು, ವ್ಯೂಫೈಂಡರ್ ಕುರುಡು, ವೈಡ್ ಲೆನ್ಸಿನ ಅಂಚು ಮಸುಕು. ಫೋಟೊ ಬೇಕಂದ್ರೆ ಕಿತ್ತು ತೆಗೀಬೇಕು. ಇರಲಿ. ಒಂದೇ ಕಡೆ ಕುಂತು ಹಾಡೋ ಆಯಿಗೆ ವೈಡ್ ಲೆನ್ಸ್ ಯಾಕ್ರಿ?

ಈಗ ಹೊಸ ಕ್ಯಾಮೆರಾ ಕೊಳ್ಳುವ ಮಾತು ನಡೆದಿದೆ. ಫಿಲ್ಟರ್ ಇಲ್ಲದ್ದೇ ಬೇಕು, ಶಾರ್ಪ್ ಬರ್ತದೆ ಅಂತ ಗೆಳೆಯರ ಹಟ. ನಿಕಾನ್ 2012ರ ಡಿ800ಇಯಲ್ಲಿ ಫಿಲ್ಟರಿನ ಪರಿಣಾಮ ರದ್ದು ಮಾಡಿತು, 2014ರ ಡಿ810ರಲ್ಲಿ ಫಿಲ್ಟರನ್ನೇ ಬಿಟ್ಟಿತು, ನಿಜ. ಸುರಪುರ ಶೈಲಿಯ ಚಿತ್ರಗಳ ಕೂದಲೆಳೆ ಗೆರೆಯ ಫೋಟೊ ತೆಗೆಯೋದಾದ್ರೆ ನಾವೂ ಅದನ್ನೇ ಕೇಳ್ತೀವಿ. ವಿಡಿಯೊಗೆ ಒಪ್ಪೋದಿಲ್ಲ. ಪೂರ್ತಿ ಸೆನ್ಸಾರ್ ಓದಿ ಆಮೇಲೆ ಕುಗ್ಗಿಸುವ ಕ್ಯಾಮೆರಾ ಆದರೆ ಮಾತು ಬೇರೆ. ಫುಲ್ ಎಚ್‌ಡಿ ಚಿತ್ರದಲ್ಲಿ ಇರೋದೇ ಸುಮಾರು 20.7 ಲಕ್ಷ ಪಿಕ್ಸೆಲ್. ವಿಡಿಯೊ ಫಿಲ್ಟರ್ ಮುಖ್ಯವಾಗಿ ಕಸಿಯೋದು ಅಲ್ಲಿ ಹಿಡಿಸದ ವಿವರವನ್ನೇ.

ಎಡಿಟಿಂಗ್‌ನಲ್ಲಿ ಸರಿ ಮಾಡೋಣ ಅನ್ನೋರಿಗೆ: ನಾವು ಮೂರು ರಾತ್ರಿ ಕುಂತು ನೋಡೀವಿ. ಅಲೆ ಒಮ್ಮೆ ದಾಖಲಾದರೆ ಅದೂ ಚಿತ್ರದ ಭಾಗವೇ. ಅದನ್ನು ಮಸುಕು ಮಾಡಲು ಹೋದರೆ ಸೆರಗಿನ ನೇಯ್ಗೆ, ಕೈಬಳೆ, ಮುಖದ ಸುಕ್ಕು ಎಲ್ಲಾ ಜೊತೆಗೇ ಹೋಗ್ತವೆ. ತಡೆಯೋದಿದ್ದರೆ ಸ್ಯಾಂಪಲ್ ಆಗೋ ಮೊದಲು, ಬೆಳಕು ಬೆಳಕಾಗಿರುವಾಗಲೇ ತಡೀಬೇಕು.

ಅದಕ್ಕೆ ನಮ್ಮ ಬೇಡಿಕೆ ಇಷ್ಟೇ: ಅಂಗಡಿಗೆ ಹೋಗುವಾಗ ಒಂದು ಚೌಕಡಿ ಸೀರೆ ಒಯ್ಯೋಣ. ಯಾರಾದರೂ ಅದನ್ನು ಹಿಡಕೊಂಡು ನಿಲ್ಲಲಿ, ಮೆಲ್ಲಗೆ ಹಿಂದೆ ಸರೀತಾ ವಿಡಿಯೊ ತೆಗೆಯೋಣ. ಬೆಟ್ಟ ತೋರಿಸಿ ಮತ್ತೆ ಮೋಸ ಹೋಗೋದು ಬೇಡ, ಬಂಡೆಗಳಲ್ಲಿ ಒಂದೇ ಸಮನೆ ಮರುಕಳಿಸುವ ಗೆರೆ ಇರೋದಿಲ್ಲ.

ಆಯಿಗೆ ಫೋನ್ ಮಾಡಿದ್ವಿ. "ಬರ್ರೆಪಾ, ಆದ್ರ ಅವತ್ತು ನೆಪ್ಪಾದ ಪದ ಮತ್ತ ನೆಪ್ಪಾಗ್ತಾವೋ ಇಲ್ಲೋ" ಅಂದರು. ಬೇರೆ ಸೀರೆ ಉಟ್ಟುಕೊಳ್ರಿ ಅಂತ ಹೇಳಲಿಕ್ಕೆ ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ.